ಲೇಸರ್‌ಗೆ ಮುಂಚಿನ ಸಹಿ

ಚಷ್ಮಾ ಬಿಡಲು ಲೇಸರ್ ಮಾಡಿಸುವುದಾದರೆ ಸದಲಗಾದವರು ಕೊಲ್ಹಾಪುರಕ್ಕೋ ಬೆಳಗಾವಿಗೋ ಹೋಗಬೇಕು. ಅಲ್ಲಿ ಕೈಗಿಡುವ ಒಪ್ಪಿಗೆ ಪತ್ರದಲ್ಲಿ ಸಾಮಾನ್ಯವಾಗಿ ಇರುವಂಥ ಸಾಲುಗಳಿವು.

"ನನ್ನ ಕಣ್ಣು ಈ ಚಿಕಿತ್ಸೆಗೆ ಯೋಗ್ಯವೆಂದು ತಿಳಿಸಲಾಗಿದೆ."

ಪತ್ರದ ಜೀವವೇ ಈ ಸಾಲು. ತಕ್ಕ ಕಣ್ಣಿಗೆ ಲೇಸರ್ ಸುರಕ್ಷಿತ. ಕುತ್ತು ಬರುವುದು ಹೆಚ್ಚಾಗಿ ತಕ್ಕುದಲ್ಲದ ಕಣ್ಣಿಗೆ ಮಾಡಿದಾಗ. ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ನಡುಭಾಗ ಸುಮಾರು 540 ಮೈಕ್ರಾನ್ ದಪ್ಪ, ಅರ್ಧ ಮಿಲಿಮೀಟರಿಗಿಂತ ತುಸುವೇ ಹೆಚ್ಚು. ಲ್ಯಾಸಿಕ್ ಎಂಬ ಲೇಸರ್ ವಿಧಾನದಲ್ಲಿ ಮೇಲಿನ ಸುಮಾರು 110 ಮೈಕ್ರಾನನ್ನು ಮುಚ್ಚಳದಂತೆ ಎತ್ತಿ, ಕೆಳಗಿನದನ್ನು ಚಷ್ಮಾದ ಒಂದು ನಂಬರಿಗೆ 12ರಿಂದ 15 ಮೈಕ್ರಾನಿನಂತೆ ಸವೆಸುತ್ತಾರೆ. ಮೈನಸ್ 6 ಇದ್ದವರಿಗೆ 90 ಹೋಯಿತೆನ್ನಿ. 540ರ ಕಣ್ಣಿನಲ್ಲಿ ಅಡಿಗೆ 340 ಉಳಿಯುತ್ತದೆ, 470ರ ಕಣ್ಣಿನಲ್ಲಿ ಬರೀ 270. 250ಕ್ಕಿಂತ ಕೆಳಗಿಳಿಯಬಾರದೆಂಬುದು ಹಳೆಯ ಗಡಿ. ಹಲವು ವೈದ್ಯರು 300 ಉಳಿಸಿಕೊಳ್ಳುತ್ತಾರೆ. ತೀರ ತೆಳುವಾದ ಕಾರ್ನಿಯಾ ಒಳಗಿನ ಒತ್ತಡಕ್ಕೆ ಉಬ್ಬಿದರೆ ಮೊದಲಿನಂತಾಗದು. ದಪ್ಪ ಸರಿಯಿದ್ದೂ ಆಕಾರ ಕೆಟ್ಟು ಲೇಸರಿಗೆ ತಕ್ಕುದಲ್ಲದ ಕಣ್ಣುಗಳುಂಟು. ಸದಾ ಕಣ್ಣುಜ್ಜುವವರಲ್ಲಿ ಇದು ಹೆಚ್ಚು. ಕಾರ್ನಿಯಾದ ಆಕಾರ ತೋರಿಸುವ ಟೊಪೊಗ್ರಫಿ ಚಿತ್ರ, ಈಗಿನ ದಪ್ಪ, ಕಡೆಗೆ ಉಳಿಯುವ ದಪ್ಪ, ಇವಿಷ್ಟನ್ನೂ ಕೇಳಿ ಬರೆಸಿಕೊಳ್ಳದೆ ಸಹಿ ಹಾಕಬೇಡಿ.

"ಕಣ್ಣು ಒಣಗಬಹುದು, ರಾತ್ರಿ ದೀಪದ ಸುತ್ತ ಬೆಳಕಿನ ಬಳೆ ಕಾಣಬಹುದು."

ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ತಗ್ಗುತ್ತದೆ, ಕೆಲವರಿಗೆ ಉಳಿದುಬಿಡುತ್ತದೆ. ರಾತ್ರಿ ಕಬ್ಬಿನ ಟ್ರ್ಯಾಕ್ಟರ್ ಓಡಿಸುವವರು ಇದನ್ನು ಎರಡು ಸಲ ಓದಲಿ.

"ಪೆಟ್ಟು ಬಿದ್ದರೆ ಎತ್ತಿದ ಪದರ ಜಾರಬಹುದು."

ಆ ಪದರ ಮೊದಲಿನಷ್ಟು ಗಟ್ಟಿಯಾಗಿ ಕೂಡುವುದೇ ಇಲ್ಲ. ಎಷ್ಟೋ ವರ್ಷದ ಮೇಲೆ ಬೆರಳು ತಗಲಿ ಜಾರಿದ್ದುಂಟು. ದೂಧಗಂಗೆಯ ದಂಡೆಯಲ್ಲಿ ಕಬ್ಬಿನೊಳಗೆ ದುಡಿಯುವವರಿಗೆ ಇದು ದೂರದ ಮಾತಲ್ಲ. ಕಬ್ಬಿನ ಎಲೆಯ ಗರಗಸದಂಥ ಅಂಚು ಕಣ್ಣು ಗೀರಿದರೆ ಫಂಗಸ್ ಸೋಂಕಿನ ಭಯವೂ ಇದೆ. ಕಬ್ಬು ಕಡಿಯುವವರು, ಕುಸ್ತಿ ಹಿಡಿಯುವವರು ಪದರ ಎತ್ತದ ಪಿಆರ್‌ಕೆ ವಿಧಾನದ ಬಗ್ಗೆ ವೈದ್ಯರನ್ನು ಕೇಳಬೇಕು. ಅದರಲ್ಲಿ ಮೊದಲ ಕೆಲವು ದಿನ ನೋವು ಜಾಸ್ತಿ, ದೃಷ್ಟಿ ತಿಳಿಯಾಗುವುದೂ ನಿಧಾನ.

"ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಸಿಕ್ಕಿದೆ."

ಸಿಕ್ಕಿದೆಯೇ? ಚಿಕಿತ್ಸೆಯ ಸ್ವರೂಪ, ಬೇರೆ ದಾರಿಗಳು, ಮುಖ್ಯ ಅಪಾಯಗಳನ್ನು ತಿಳಿಸಿ ಪಡೆದದ್ದೇ ಒಪ್ಪಿಗೆ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಸೈನ್ಯದ ಭರ್ತಿಗೆಂದೇ ಲೇಸರ್ ಮಾಡಿಸುವ ಹುಡುಗರು ಆ ಭರ್ತಿಯ ವೈದ್ಯಕೀಯ ನಿಯಮವನ್ನು ಮೊದಲೇ ನೋಡಿರಬೇಕು. ಎಲ್ಲ ಹುದ್ದೆಗೂ ಒಂದೇ ನಿಯಮವಿಲ್ಲ. ಪತ್ರ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದು ನಿಮಗೆ ತಿಳಿಯದಿದ್ದರೆ, ಕನ್ನಡದಲ್ಲಿ ಸಾಲುಸಾಲಾಗಿ ಹೇಳಿಸಿಕೊಳ್ಳಿ. ಅದಕ್ಕೆ ಇನ್ನೊಂದು ದಿನ ಹಿಡಿದರೂ ಚಿಂತೆಯಿಲ್ಲ, ಇದು ತುರ್ತು ಶಸ್ತ್ರಚಿಕಿತ್ಸೆಯಲ್ಲ.