ಏಕಲವ್ಯನ ತಂಗಿಗೆ ಗುರು ಯಾರು?

ದಲಿತ ವಿಮರ್ಶೆ ಏಕಲವ್ಯನ ಕಥೆಯನ್ನು ತಿರುವಿ ಓದಿತು. ಗುರುಭಕ್ತಿಯೆಂದು ಹಾಡಿ ಹೊಗಳಿದ ಹೆಬ್ಬೆರಳಿನ ಹಿಂದಿದ್ದ ಜಾತಿಯ ಕತ್ತಿಯನ್ನು ತೋರಿಸಿತು. ಅದು ದೊಡ್ಡ ಕೆಲಸ. ಆದರೆ ಈ ಓದಿನಲ್ಲಿಯೂ ಕಲಿಯುವವನು ಗಂಡೇ. ಬೇಡರ ಹುಡುಗ ಒಬ್ಬನೇ ಕಾಡಿನಲ್ಲಿ ಬಿಲ್ಲು ಹಿಡಿದು ನಿಲ್ಲಬಲ್ಲ. ಅವನ ತಂಗಿ ಹಾಗೆ ನಿಂತರೆ ಊರು ಏನಂದೀತು?

ಯಾದಗಿರಿ, ಶಹಾಪುರ, ಸುರಪುರದ ಹುಡುಗಿಯರಿಗೆ ಪಾಠ ಹೇಳುವ ನಾನು ಇದನ್ನು ಪುರಾಣದ ಪ್ರಶ್ನೆಯೆಂದು ಬಿಡಲಾರೆ. ಪಿಎಚ್.ಡಿ. ಮಾಡಬೇಕೆಂದರೆ ಕಲಬುರಗಿಗೋ ರಾಯಚೂರಿಗೋ ಹೋಗಬೇಕು. ಯಾವ ಪುಸ್ತಕ ಓದಬೇಕು, ಯಾವ ಸೆಮಿನಾರಿಗೆ ಪ್ರಬಂಧ ಕಳಿಸಬೇಕು, ಎಲ್ಲಿ ಹುದ್ದೆ ಖಾಲಿ ಅದಾವ, ಇದೆಲ್ಲ ಗೊತ್ತಾಗುವುದು ಸಂಜೆ ಚಾದಂಗಡಿಯಲ್ಲಿ, ಗೈಡ್ ಸರ್ ಗಾಡಿ ಹಿಂದೆ ಕೂತಾಗ. ಗಂಡುಹುಡುಗರು ಅಲ್ಲಿರತಾರ. ನಮ್ಮ ಹುಡುಗಿ ಕತ್ತಲಾಗೋದರೊಳಗ ಬಸ್ಸು ಹಿಡೀಬೇಕು. ನಾನು ಓದುವಾಗ ಹಿರಿಯರೊಬ್ಬರು ಕೇಳಿದ್ದರು: 'ಮದುವಿ ಆದಮ್ಯಾಲ ಬಿಡಾಕೀನ ಅಲ್ಲೇನವಾ, ಯಾಕ ಸೀಟು ಹಾಳ ಮಾಡ್ತಿ?' ಚಳವಳಿಯ ಗೆಳೆಯರೂ ಕಡಿಮೆಯಿಲ್ಲ. ವೇದಿಕೆ ಮೇಲೆ 'ಅಕ್ಕ' ಎನ್ನುವವರು ಗೈಡ್ ಹತ್ತಿರ ಕರೆದೊಯ್ಯುವುದು ತಮ್ಮಂದಿರನ್ನೇ.

ನಮ್ಮ ಚರಿತ್ರೆಯಲ್ಲೂ ಈ ಭೇದ ಕಾಣುತ್ತದೆ. 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದ ಬಾಬಾಸಾಹೇಬರಿಗೆ ಜಾನ್ ಡ್ಯೂಯಿಯಂಥ ಗುರು ಸಿಕ್ಕರು. 1848ರಲ್ಲಿ ಶುರುವಾದ ಪುಣೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿದ ಸಾವಿತ್ರಿಬಾಯಿಗೆ ಅಕ್ಷರ ಕಲಿಸಿದವರು ಗಂಡ ಜೋತಿಬಾ. ಜೋತಿಬಾ ಎಲ್ಲರ ಮನೆಯಲ್ಲೂ ಇರುವುದಿಲ್ಲ.

ಯುಜಿಸಿಯ 2022ರ ನಿಯಮ ಪಿಎಚ್.ಡಿ. ಮುಗಿಸಲು ಹೆಣ್ಣುಮಕ್ಕಳಿಗೆ 2 ವರ್ಷ ಹೆಚ್ಚಿಗೆ ಕೊಡುತ್ತದೆ. ಹೆರಿಗೆಗೆ, ಮಕ್ಕಳ ಆರೈಕೆಗೆ 240 ದಿನಗಳವರೆಗೆ ರಜೆ. ಇವು ಬೇಕಾದವೇ. ಆದರೆ ನಿಯಮ ದಿನ ಕೊಟ್ಟೀತು, ಕಲಿಸುವ ಮನಸ್ಸು ಕೊಡದು.

ಹೆಣ್ಣು ಗೈಡ್ ಬಂದ್ರ ಸಾಕೆ? 2019ರಲ್ಲಿ ಮುಂಬೈಯಲ್ಲಿ ವೈದ್ಯಕೀಯ ಸ್ನಾತಕೋತ್ತರ ಓದುತ್ತಿದ್ದ ಆದಿವಾಸಿ ಹೆಣ್ಣುಮಗಳು ಪಾಯಲ್ ತಡವಿ ಪ್ರಾಣ ಕಳೆದುಕೊಂಡಳು. ಜಾತಿ ಕಿರುಕುಳದ ಆರೋಪ ಬಂದದ್ದು ಮೂವರು ಹಿರಿಯ ವೈದ್ಯೆಯರ ಮೇಲೆ. ಹೆಣ್ಣಾದ ಮಾತ್ರಕ್ಕೆ ಜಾತಿ ಕಳಚಿ ಬೀಳುವುದಿಲ್ಲ.

ಹಾಗಾಗಿ ನಾನು ಗುರುಕೃಪೆ ಕೇಳುತ್ತಿಲ್ಲ, ಹಕ್ಕು ಕೇಳುತ್ತಿದ್ದೇನೆ. ವಾರಕ್ಕೊಂದು ತಾಸು, ಹಗಲಿನಲ್ಲಿ, ವಿಭಾಗದಲ್ಲಿ, ಬಾಗಿಲು ತೆರೆದಿಟ್ಟು ಗೈಡ್ ಆಕೆಯ ಬರವಣಿಗೆ ಓದಲಿ, ತಿದ್ದಲಿ, ಅದು ದಾಖಲಾಗಲಿ. ಸೆಮಿನಾರಿನ ಸುದ್ದಿ, ಹುದ್ದೆಯ ಸುದ್ದಿ ಚಾದಂಗಡಿಗಿಂತ ಮೊದಲು ನೋಟಿಸ್ ಬೋರ್ಡಿಗೆ ಬರಲಿ. ದಲಿತ ಅಧ್ಯಾಪಕರೇ ಇದನ್ನು ಮೊದಲು ಶುರುಮಾಡಬೇಕು. ದ್ರೋಣನನ್ನು ಬೈದವರು ನಾವೇ ಅಲ್ಲವೆ?