ಮಳೆಗೆ ಮೊದಲೇ ಮುಗಿಯುವ ಪಾಠ

ಒಂದು ಚೊಂಬಿನ ಬಗ್ಗೆ ಎಷ್ಟು ಪ್ರಶ್ನೆ ಕೇಳಬಹುದು? ಎಷ್ಟು ನೀರು ಹಿಡಿಯುತ್ತದೆ, ಸೊಂಟದ ಮೇಲೆ ಹೇಗೆ ಕೂರುತ್ತದೆ, ಒಳಗೆ ತೊಳೆಯಲು ಕೈ ಹೋಗುತ್ತದೆಯೇ, ಗುಜರಿಗೆ ಹಾಕಿದರೆ ಏನು ಹುಟ್ಟುತ್ತದೆ? 1958ರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಡಿಸೈನರ್ ದಂಪತಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಇಂಥ ಪ್ರಶ್ನೆಗಳ ಸಾಲೇ ಇದೆ. ಅದರ ಬೆನ್ನಿಗೇ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಎನ್‌ಐಡಿ, ಹುಟ್ಟಿತು. 1969ರಲ್ಲಿ ಮುಂಬೈನ ಪವಾಯಿಯಲ್ಲಿ, ಐಐಟಿ ಆವರಣದೊಳಗೆ ಡಿಸೈನ್ ಕಲಿಸುವ ಐಡಿಸಿ ಬಂತು.

ಐಡಿಸಿಯ ಸಾಧನೆ ಸಣ್ಣದಲ್ಲ. 2010ರಲ್ಲಿ ಒಪ್ಪಿಗೆ ಪಡೆದ ರೂಪಾಯಿ ಚಿಹ್ನೆ ಅಲ್ಲಿ ಸಂಶೋಧನೆ ಮಾಡುತ್ತಿದ್ದ ಉದಯ ಕುಮಾರ್ ಅವರದು. ವಿಂಡೋಸ್‌ನಲ್ಲಿ ಕನ್ನಡಿಗರು ವರ್ಷಗಟ್ಟಲೆ ಓದಿದ 'ತುಂಗಾ' ಅಕ್ಷರಗಳ ಹಿಂದೆ ಅಲ್ಲಿ ಪಾಠ ಹೇಳಿದ ಆರ್.ಕೆ. ಜೋಶಿ ಇದ್ದರು. ಅಕ್ಷರದ ಒಂದು ಬಾಗನ್ನು ತಿದ್ದಿ ತಿದ್ದಿ ಕಲಿಸುವ ಆ ತಾಳ್ಮೆಗೆ ಬೆಲೆ ಕಟ್ಟಲಾಗದು.

ತಕರಾರು ಬೇರೆಯೇ. ದೇಶದ ಬಹುತೇಕ ಡಿಸೈನ್ ಕಾಲೇಜುಗಳಲ್ಲಿ ವಿದ್ಯಾರ್ಥಿಯ ಕೆಲಸ ಜ್ಯೂರಿಯ ಮುಂದೆ ನಿಂತಲ್ಲಿಗೆ ಮುಗಿಯುತ್ತದೆ. ಮಾದರಿ ಹೊಳೆಯುತ್ತದೆ, ಪೋಸ್ಟರ್ ಚೆಂದ, ಗೋಡೆ ತುಂಬ ಬಣ್ಣದ ಚೀಟಿಗಳು. ಬಳಸುವವನು ಮಾತ್ರ ಅಲ್ಲಿರುವುದಿಲ್ಲ.

ಅವನನ್ನು ಕಾಣಲು ಮುಂಬೈನ ವಡಾಲಕ್ಕೆ ಬರಬೇಕು. ಚೆಂಬೂರಿನಿಂದ ಇಲ್ಲಿಗೆ 2014ರ ಫೆಬ್ರವರಿಯಲ್ಲಿ ಮೋನೋರೈಲು ಶುರುವಾಯಿತು. ವಡಾಲ ಡಿಪೋ ನಿಲ್ದಾಣವೋ, ಲೋಕಲ್ ರೈಲು ನಿಲ್ಲುವ ವಡಾಲ ರೋಡಿನ ಪಕ್ಕದಲ್ಲಿಲ್ಲ. ನಡುವೆ ಬಸ್ಸೋ ಟ್ಯಾಕ್ಸಿಯೋ ಹಿಡಿಯಬೇಕು. ಜನ ಬರಲಿಲ್ಲವೆಂದು ವರ್ಷಗಟ್ಟಲೆ ಗೊಣಗಾಟ ನಡೆಯಿತು. 2025ರ ಆಗಸ್ಟ್ 19ರಂದು ಮಳೆಗೆ ಹಾರ್ಬರ್ ಲೈನ್‌ನ ಲೋಕಲ್ ರೈಲುಗಳು ನಿಂತಾಗ ಜನ ಬಂದರು, ಮುಗಿಬಿದ್ದು ಬಂದರು. ಭಾರ ಮಿತಿ ಮೀರಿ, ಮೈಸೂರು ಕಾಲೊನಿ ಮತ್ತು ಭಕ್ತಿ ಪಾರ್ಕ್ ನಡುವೆ ಗಾಡಿಗೆ ವಿದ್ಯುತ್ ತಪ್ಪಿತು. ಎಸಿ ನಿಂತಿತು, ಒಳಗೆ ಉಸಿರುಗಟ್ಟಿತು. ಐನೂರಕ್ಕೂ ಹೆಚ್ಚು ಜನರನ್ನು ಅಗ್ನಿಶಾಮಕ ದಳದವರು ಏಣಿ ಹಾಕಿ ಇಳಿಸಿದರು. ಮುಂದಿನ ತಿಂಗಳೇ, ದುರಸ್ತಿ ಮತ್ತು ಸುಧಾರಣೆಗೆಂದು ಸೇವೆಯನ್ನೇ ನಿಲ್ಲಿಸಲಾಯಿತು.

ಇದು ಯಾವ ಕಾಲೇಜಿನ ತಪ್ಪೂ ಅಲ್ಲ. ಆದರೆ ಡಿಸೈನ್ ತರಗತಿಗೆ ಇದಕ್ಕಿಂತ ಒಳ್ಳೆಯ ಪಠ್ಯ ಸಿಗುವುದು ಕಷ್ಟ. ಚೊಂಬಿಗೆ ಕೇಳಿದ್ದನ್ನೇ ಇಲ್ಲೂ ಕೇಳಬಹುದು: ಎಷ್ಟು ಹಿಡಿಯುತ್ತದೆ? ತುಂಬಿದರೆ ಏನಾಗುತ್ತದೆ? ಮೊದಲ ವರ್ಷದವರನ್ನು ಕುರ್ಚಿಯ ಚಿತ್ರ ಬರೆಯಲು ಕೂರಿಸುವ ಬದಲು, ಆ ಸಂಜೆ ಏಣಿಯಿಂದ ಇಳಿದವರನ್ನು ಮಾತಾಡಿಸಿ ಬರಲು ಕಳಿಸಬೇಕಿತ್ತು. ಕೊನೆಯ ವರ್ಷದ ಅಂಕಗಳಲ್ಲಿ ಒಂದು ಪಾಲನ್ನು, ಮಾಡಿದ ವಸ್ತು ಒಂದು ಮಳೆಗಾಲ ದಾಟುವವರೆಗೆ ತಡೆಹಿಡಿಯಬೇಕು.

ಇದಕ್ಕೆ ಅಡ್ಡಿ ಸಿದ್ಧಾಂತದ್ದಲ್ಲ, ಕ್ಯಾಲೆಂಡರಿನದು. ಸೆಮಿಸ್ಟರ್ ಮೇ ಹೊತ್ತಿಗೆ ಮುಗಿಯುತ್ತದೆ. ಮುಂಬೈ ಮಳೆ ಜೂನಿನಲ್ಲಿ ಬರುತ್ತದೆ.