ಬಯಲ ಪಾಠದಲ್ಲಿ ಕೇರಿಯ ಮಗುವಿಗೆ ಜಾಗವೆಲ್ಲಿ?

ಸಣ್ಣ ಮಕ್ಕಳನ್ನು ನಾಲ್ಕು ಗೋಡೆಯಿಂದ ಹೊರಗೆ ಕರೆದೊಯ್ದು ಗಿಡ, ಮಣ್ಣು, ನೀರು, ಹಕ್ಕಿಗಳ ನಡುವೆ ಪಾಠ ಹೇಳಬೇಕು ಎಂಬ ಮಾತು ಈಗ ವಿಜಯಪುರದಲ್ಲೂ ಜೋರಾಗಿ ಕೇಳುತ್ತಿದೆ. ಖಾಸಗಿ ಶಾಲೆಗಳು 'ನೇಚರ್ ಕ್ಯಾಂಪ್' ಎಂಬ ಹೆಸರಿನಲ್ಲಿ ಫೀ ಎತ್ತುತ್ತವೆ. ಸರಕಾರಿ ಶಾಲೆಗಳಿಗೆ ಇಕೋ ಕ್ಲಬ್ ಬಂದಿದೆ. 2022ರಲ್ಲಿ ಪಾಟಿಚೀಲವಿಲ್ಲದ 'ಸಂಭ್ರಮ ಶನಿವಾರ' ಬಂತು. ಅರಣ್ಯ ಇಲಾಖೆಯದು 'ಚಿಣ್ಣರ ವನ ದರ್ಶನ'. ಪರಿಸರ ಶಿಕ್ಷಣ ಶಾಲೆಗಳಲ್ಲಿ ಕಡ್ಡಾಯವಾಗಿ ಇರಬೇಕೆಂದು 1991ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ.

ನಾವು ಇದಕ್ಕೆ ವಿರೋಧಿಗಳಲ್ಲ. ಕರಿ ಹಲಗೆಯ ಮುಂದೆ ಕೈಕಟ್ಟಿ ಕೂತು ಬೇವಿನ ಮರದ ಚಿತ್ರ ನೋಡುವ ಮಗುವನ್ನು ಎಬ್ಬಿಸಿ ಬೇವಿನ ನೆರಳಿಗೆ ಕರೆದೊಯ್ಯುವ ಮಾಸ್ತರನಿಗೆ ನಮ್ಮ ಶರಣು. ಆದರೆ ಹೊರಗೆ ಹೋದ ಕೂಡಲೇ ಜಾತಿ, ಕೂಲಿ, ಹಸಿವು ಎಲ್ಲ ಕ್ಲಾಸಿನಲ್ಲೇ ಉಳಿದುಬಿಡುತ್ತವೆ, ಬಯಲಿನಲ್ಲಿ ಎಲ್ಲ ಮಕ್ಕಳೂ ಒಂದೇ ಎಂದು ಹೇಳುವ ಮಾತನ್ನು ಮಾತ್ರ ನಾವು ಒಪ್ಪುವುದಿಲ್ಲ. ಬಯಲು ಎಂದೂ ಎಲ್ಲರದೂ ಆಗಿರಲಿಲ್ಲ.

ಹೋದ ಚಳಿಗಾಲ ನಾವು ನಾಲ್ಕೈದು ಮಂದಿ ಗೆಳೆಯರು ಭೂತನಾಳ ಕೆರೆಯ ಕಡೆ ಹೋಗಿದ್ದೆವು. ನಗರದ ಒಂದು ಶಾಲೆಯ ಬಸ್ಸು ಬಂದು ನಿಂತಿತು. ಎರಡನೆಯ, ಮೂರನೆಯ ಇಯತ್ತೆಯ ಮಕ್ಕಳು. ತಲೆಗೆ ಟೊಪಗಿ, ಕೊರಳಿಗೆ ನೀರಿನ ಬಾಟಲಿ, ಕೈಯಲ್ಲಿ ಹೊಸ ನೋಟುಬುಕ್ಕು. ಹಳದಿ ಹೂವಿನ ಒಂದು ಗಿಡದ ಮುಂದೆ ಅವರನ್ನು ಸಾಲಾಗಿ ನಿಲ್ಲಿಸಿ, ಇದು ಆವರಿಕೆ, ಇದು ಔಷಧಿ ಗಿಡ, ಇದರ ಹೂವಿಗೆ ಚಿಟ್ಟೆ ಬರುತ್ತದೆ ಎಂದು ಹೇಳಿಕೊಡಲಾಯಿತು. ಮಕ್ಕಳು ಬರೆದುಕೊಂಡವು. ಬೇಲಿಯ ಆಚೆ ಅವರದೇ ವಯಸ್ಸಿನ ಹುಡುಗನೊಬ್ಬ ಆಡು ಬಿಟ್ಟುಕೊಂಡು ನಿಂತು ಇದನ್ನೆಲ್ಲ ನೋಡುತ್ತಿದ್ದ. ನಾವು ಅವನ ಹತ್ತಿರ ಹೋಗಿ ಕೇಳಿದೆವು:

'ಏ ತಮ್ಮಾ, ಇದು ಯಾವ ಗಿಡ ಗೊತ್ತೈತೇನು?'

'ತಂಗಡಿ ಅಲ್ಲೇನ್ರಿ? ಇದರ ತೊಗಟಿ ಹಾಕೇ ನಮ್ಮ ಮುತ್ಯಾ ತೊಗಲ ಹದಾ ಮಾಡತಿದ್ದ. ಜಾಲಿ ತೊಗಟೀನೂ ಹಾಕತಿದ್ರಂತ್ರಿ.'

'ಸಾಲಿಗೆ ಹೋಗಂಗಿಲ್ಲೇನು?'

'ಹೋಗ್ತೀನ್ರಿ. ಇವತ್ತ ಹೋಗಿಲ್ಲ. ನನಗೇನೂ ಬರೂದಿಲ್ಲ ಅಂತಾರ್ರಿ ಅಲ್ಲಿ.'

ಗೆಳೆಯರೇ, ನಾವು ಎತ್ತುವ ಪ್ರಶ್ನೆ ಪೂರ್ತಿ ಈ ಮಾತಿನಲ್ಲೇ ಇದೆ. ಈ ಗಿಡಕ್ಕೆ ಇಂಗ್ಲಿಷಿನವರು ಇಟ್ಟ ಒಂದು ಹೆಸರು 'ಟ್ಯಾನರ್ಸ್ ಕ್ಯಾಸಿಯಾ', ಅಂದರೆ ತೊಗಲು ಹದ ಮಾಡುವವನ ಗಿಡ. ಪರದೇಶದವನ ಹೆಸರಿನಲ್ಲಿ ಉಳಿದ ನಮ್ಮ ಮುತ್ಯಾ ನಮ್ಮದೇ ನಾಡಿನ ನಿಸರ್ಗ ಪಾಠದಲ್ಲಿ ಕಾಣೆಯಾಗಿದ್ದಾನೆ. ಹೂವು ಉಳಿಯಿತು, ಚಿಟ್ಟೆ ಉಳಿಯಿತು, ಔಷಧಿಯೂ ಉಳಿಯಿತು. ಆ ತೊಗಟೆಯ ನೀರಿನಲ್ಲಿ ಕೈ ಅದ್ದಿ ಊರಿಗೆಲ್ಲ ಚಪ್ಪಲಿ, ಮಿಣಿ, ಬಾರುಕೋಲು ಕೊಟ್ಟವನು ಮಾತ್ರ ಉಳಿಯಲಿಲ್ಲ. ಗಿಡವನ್ನು ಬಲ್ಲ ಮಗು ಬೇಲಿಯ ಹೊರಗೆ. ಅದನ್ನು ಮೊದಲ ಸಲ ನೋಡುವ ಮಗು ಬೇಲಿಯ ಒಳಗೆ. ನಾಳೆ ಪರೀಕ್ಷೆಯಲ್ಲಿ ಆವರಿಕೆ ಎಂದು ಬರೆದವನಿಗೆ ಅಂಕ. ತಂಗಡಿ ಎಂದವನಿಗೆ ಏನು?

ಬಸ್ಸಿನಲ್ಲಿ ಬಂದ ಮಕ್ಕಳದಾಗಲಿ, ಅವರನ್ನು ಕರೆತಂದ ಅಕ್ಕೋರದಾಗಲಿ ಇದರಲ್ಲಿ ತಪ್ಪಿಲ್ಲ. ನಿಸರ್ಗ ಎಂದರೆ ನೋಡುವ ವಸ್ತು ಎಂದು ಅವರಿಗೂ ಯಾರೋ ಕಲಿಸಿದ್ದಾರೆ. ಹಸಿರು ಗುಡ್ಡ, ಗುಡ್ಡದ ಹಿಂದೆ ಸೂರ್ಯ, ಹರಿಯುವ ಹೊಳೆ, ಹೊಳೆಯ ದಂಡೆಗೆ ಒಂದು ಗುಡಿಸಲು. ಗುಡಿಸಲಿನಲ್ಲಿ ಯಾರಿದ್ದಾರೆ ಎಂದು ಆ ಚಿತ್ರ ಹೇಳುವುದಿಲ್ಲ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ, ಅರಣ್ಯ ಶೇಕಡ 1ಕ್ಕೂ ಕಡಿಮೆ ಇರುವ ನಮ್ಮ ಜಿಲ್ಲೆಯ ಮಗು ಈ ಚಿತ್ರ ಬರೆದು ಬರೆದು, ತನ್ನ ಊರಿನಲ್ಲಿ ನಿಸರ್ಗವೇ ಇಲ್ಲ ಎಂದು ತಿಳಿಯುತ್ತದೆ. ಎರಿ ಹೊಲ, ಮಡ್ಡಿ, ಜಾಲಿ ಕಂಟಿ, ಬಾರಿ ಹಣ್ಣು, ಉತ್ತರಿ–ಹಸ್ತದ ಮಳೆಗೆ ಕೂರಿಗೆ ಹೂಡುವ ಹಿಂಗಾರಿ ಜೋಳ, ಉಪ್ಪುನೀರಿನ ಡೋಣಿ — ಇವು ನಿಸರ್ಗ ಅಲ್ಲವೇನು?

ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂಬ ಮಾತು ನಮ್ಮ ಸೀಮೆಯಲ್ಲಿ ಎಲ್ಲರ ಬಾಯಲ್ಲಿದೆ. ಹೊಳೆ, ಮಣ್ಣು, ಬೆಳೆ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವ ಚೆಲುವಾದ ಮಾತು. ಮಕ್ಕಳನ್ನು ಡೋಣಿಯ ದಂಡೆಗೆ ಕರೆದೊಯ್ಯುವ ಮಾಸ್ತರ ಇದನ್ನು ಹೇಳಲೇಬೇಕು. ಹೇಳಿದ ಮೇಲೆ ಒಂದು ಪ್ರಶ್ನೆಯನ್ನೂ ಕೇಳಬೇಕು: ಯಾವ ಓಣಿ? ಗೌಡರ ಓಣಿಗೆ ಆ ಜೋಳ ರಾಶಿಯಾಗಿ ಬಂತು. ಕೇರಿಗೆ ಅದು ಕೂಲಿಯಾಗಿ, ಆಯವಾಗಿ, ಸೆರಗು ಒಡ್ಡಿದ ಮೇಲೆ ಬಂತು. ಈ ಪ್ರಶ್ನೆ ಸಣ್ಣ ಮಕ್ಕಳಿಗೆ ತಿಳಿಯುವುದಿಲ್ಲ ಎನ್ನುವವರಿದ್ದಾರೆ. ಕೇರಿಯ ಸಣ್ಣ ಮಕ್ಕಳಿಗೆ ಅದು ಅಕ್ಷರ ಬರುವ ಮೊದಲೇ ತಿಳಿದಿರುತ್ತದೆ.

ಮಕ್ಕಳನ್ನು ತೋಟಕ್ಕೆ, ಕಾಡಿಗೆ ಬಿಡುವ ಈ ವಿಚಾರ ಬೆಳೆದ ಬಗೆಯನ್ನೂ ನಾವು ತಿಳಿಯಬೇಕು. ಜರ್ಮನಿಯ ಫ್ರೋಬೆಲ್ 1837ರಲ್ಲಿ ಸಣ್ಣ ಮಕ್ಕಳಿಗಾಗಿ ಶಾಲೆ ತೆರೆದು ಮುಂದೆ ಅದಕ್ಕೆ 'ಮಕ್ಕಳ ತೋಟ' ಎಂದು ಹೆಸರಿಟ್ಟ. 1950ರ ದಶಕದಲ್ಲಿ ಡೆನ್ಮಾರ್ಕಿನಲ್ಲಿ ಕಾಡಿನ ಶಿಶುವಿಹಾರಗಳು ಶುರುವಾದವು. ಮಳೆಯಿರಲಿ ಹಿಮವಿರಲಿ, ಮಕ್ಕಳು ಹೊರಗೇ. ಆದರೆ ಆ ಹೊತ್ತಿಗೆ ಅಲ್ಲಿಯ ಮಗು ಹೊಲದ ದುಡಿಮೆಯಿಂದ ಬಿಡುಗಡೆಯಾಗಿ ಶಾಲೆ ಸೇರಿ ತಲೆಮಾರುಗಳೇ ಕಳೆದಿದ್ದವು. ದುಡಿಮೆಯಿಂದ ಪಾರಾದ ಮಗುವಿಗೆ ಬಯಲು ಆಟವಾಗಿ ಮರಳಿ ಸಿಕ್ಕಿತು. ನಮ್ಮ ಮಗುವಿನ್ನೂ ಬಯಲಿನಿಂದ ಶಾಲೆಗೆ ಪೂರ್ತಿ ಬಂದೇ ಇಲ್ಲ. ತಾಂಡಾದ ಮಗು ತಾಯಿ-ತಂದೆಯ ಜೊತೆ ಗೋವಾಕ್ಕೆ, ಮಹಾರಾಷ್ಟ್ರಕ್ಕೆ ದುಡಿಯಲು ಗುಳೆ ಹೋಗುತ್ತದೆ. ತಿಕೋಟಾ ಸೀಮೆಯಲ್ಲಿ ಅಕ್ಟೋಬರ್ ಚಾಟ್ನಿ ಬಂತೆಂದರೆ ಕೂಲಿಯವರಿಗೆ ದ್ರಾಕ್ಷಿ ತೋಟದಲ್ಲೇ ಹೊತ್ತು ಮುಳುಗುತ್ತದೆ. ಮನೆಯ ದೊಡ್ಡ ಹುಡುಗಿ ತಮ್ಮನನ್ನು ಬಗಲಲ್ಲಿ ಹೊತ್ತು ತೋಟದ ಬದುವಿನಲ್ಲಿ ಕೂಡುತ್ತಾಳೆ. ಅವಳಿಗೂ ಅದು ಬಯಲೇ. ಅದಕ್ಕೆ ಹಾಜರಿ ಪುಸ್ತಕದಲ್ಲಿ ಸಿಗುವ ಹೆಸರು 'ಗೈರುಹಾಜರು'.

ಹಾಂಗಂತ ಬದುಕೇ ಪಾಠ, ಕೇರಿಯ ಮಕ್ಕಳು ಅಪ್ಪನ ಕಸಬಿನಲ್ಲೇ ನಿಸರ್ಗ ಕಲೀಲಿ ಅನ್ನೋದು ಸರಿಯೇನು? ಖಂಡಿತ ಅಲ್ಲ. ಆ ಬಲೆಯನ್ನೂ ನಾವು ನೋಡಿದ್ದೇವೆ. 1953ರಲ್ಲಿ ಮದರಾಸು ಪ್ರಾಂತದಲ್ಲಿ ರಾಜಾಜಿಯವರು ಅರ್ಧ ದಿನ ಶಾಲೆ, ಉಳಿದರ್ಧ ದಿನ ಮನೆಯ ಕಸಬು ಎಂಬ ಯೋಜನೆ ತಂದರು. ಮಗು ಅಪ್ಪನ ಜಾತಿಯ ಕಸಬಿನಲ್ಲೇ ಸಾಯಬೇಕೇ ಎಂದು ದ್ರಾವಿಡ ಚಳವಳಿ ಸಿಡಿದೆದ್ದಿತು. ಮರುವರ್ಷ ರಾಜಾಜಿ ಇಳಿದರು, ಕಾಮರಾಜರು ಬಂದು ಯೋಜನೆಯನ್ನು ಕೈಬಿಟ್ಟರು. ತಂಗಡಿಯ ತೊಗಟೆ ಬಲ್ಲ ಹುಡುಗ ತೊಗಲೇ ಹದ ಮಾಡುತ್ತ ಕೂಡಬೇಕೆಂದು ನಾವು ಹೇಳುತ್ತಿಲ್ಲ. ಆ ತೊಗಟೆಯಲ್ಲಿರುವ ಯಾವ ಅಂಶ ಹಸಿ ತೊಗಲನ್ನು ಕೊಳೆಯದಂತೆ ಮಾಡುತ್ತದೆ ಎಂಬುದನ್ನು ಅವನು ಶಾಲೆಯಲ್ಲಿ ರಸಾಯನಶಾಸ್ತ್ರವಾಗಿ ಕಲಿಯಬೇಕು. ಅದು 'ಟ್ಯಾನಿನ್' ಎಂದು ತಿಳಿದ ದಿನ, ತನ್ನ ಮುತ್ಯಾ ಮಾಡುತ್ತಿದ್ದುದು ಹೊಲಸು ಕೆಲಸವಲ್ಲ, ವಿದ್ಯೆ ಎಂದು ಅವನಿಗೆ ಗೊತ್ತಾಗಬೇಕು. ಅವನ ಮಗ್ಗುಲಲ್ಲಿ ಕೂತ ಗೌಡರ ಮಗನಿಗೂ ಗೊತ್ತಾಗಬೇಕು.

ಜೋತಿಬಾ ಫುಲೆ 1882ರಲ್ಲಿ ಹಂಟರ್ ಆಯೋಗದ ಮುಂದೆ ಹೇಳಿದ್ದು ಹೆಚ್ಚು ಕಡಿಮೆ ಇದನ್ನೇ. ಪ್ರಾಥಮಿಕ ಶಾಲೆಯಲ್ಲಿ ಓದು, ಬರಹ, ಲೆಕ್ಕದ ಜೊತೆ ಒಕ್ಕಲುತನದ ತಿಳಿವಳಿಕೆಯೂ ಇರಬೇಕು. ನೇಗಿಲ ಮೇಳಿ ಹಿಡಿಯಲು ನಾಚದವರು ಮಾಸ್ತರರಾಗಬೇಕು ಎಂದರು ಅವರು. ನಿಸರ್ಗ ಶಿಕ್ಷಣದ ಸೆಮಿನಾರುಗಳಲ್ಲಿ ಫ್ರೋಬೆಲನ ಹೆಸರು ಬರುತ್ತದೆ, ಫುಲೆಯ ಹೆಸರು ಬರುವುದಿಲ್ಲ. ಇದು ಮರೆವೋ, ಜಾಣ ಮರೆವೋ?

ಇನ್ನೊಂದು ಸಂಗತಿ. ನಮ್ಮ ಕೇರಿಯ ಮುದುಕರು ಹೇಳುತ್ತಾರೆ: 'ಮೊದಲ ಸತ್ತ ದನಾ ಊರ ಹೊರಗ ಒಗದ್ರ ರಣಹದ್ದು ಬಂದು ಒಂದ ಹೊತ್ತಿನ್ಯಾಗ ಎಲುಬಷ್ಟ ಉಳಸತಿದ್ದುವು. ಈಗ ಒಂದೂ ಬರೂದಿಲ್ಲ.' ದನಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಸತ್ತ ದನದ ಮಾಂಸದ ಮೂಲಕ ಹದ್ದಿನ ಹೊಟ್ಟೆ ಸೇರಿ ಮೂತ್ರಪಿಂಡ ಕೆಡಿಸಿತು. 1990ರ ದಶಕದಿಂದ ದೇಶದ ತುಂಬ ಹದ್ದುಗಳು ಸತ್ತವು. ವಿಜ್ಞಾನಿಗಳು ಕಾರಣ ಹಿಡಿದದ್ದು 2004ರ ಸುಮಾರಿಗೆ. ಸರಕಾರ ದನದ ಔಷಧಿಯಾಗಿ ಅದನ್ನು ನಿಷೇಧಿಸಿದ್ದು 2006ರಲ್ಲಿ. ಹದ್ದು ಬರುವುದು ನಿಂತದ್ದನ್ನು ಮೊದಲು ಕಂಡವರು ಸತ್ತ ದನ ಎಳೆಯುವ ನಮ್ಮ ಜನ. ಅವರನ್ನು ಯಾರೂ ಕೇಳಲಿಲ್ಲ. ಅವರ ಕಣ್ಣಿಗೆ ಕಂಡದ್ದು ಮೈಲಿಗೆಯ ಜಾಗದಲ್ಲಿ ಕಂಡದ್ದು. ಆದ್ದರಿಂದ ಅದು 'ಪರಿಸರ ಅಧ್ಯಯನ' ಆಗಲಿಲ್ಲ.

ಬಯಲಿಗೆ ಹೋದರೂ ಮೈಲಿಗೆ ಬೆನ್ನು ಬಿಡುವುದಿಲ್ಲ ಎನ್ನಲು ನಮಗೆ ದೊಡ್ಡ ಸಾಕ್ಷಿ ಬಾಬಾಸಾಹೇಬರೇ. 1927ರ ಮಾರ್ಚ್ 20ರಂದು ಮಹಾಡದ ಚೌದಾರ ಕೆರೆಯಲ್ಲಿ ಅವರು ಬೊಗಸೆ ನೀರು ಕುಡಿಯಲು ಒಂದು ಚಳವಳಿಯೇ ಬೇಕಾಯಿತು. ದನ, ನಾಯಿ, ಹಕ್ಕಿಗೆ ಮುಕ್ತವಾಗಿದ್ದ ಕೆರೆ ಮನುಷ್ಯನಿಗೆ ಮುಚ್ಚಿತ್ತು. ಮಕ್ಕಳನ್ನು ಕೆರೆಯ ದಂಡೆಗೆ ಕರೆದೊಯ್ದು ನೀರಿನ ಚಕ್ರ ಹೇಳುವ ಮಾಸ್ತರ ಈ ಕಥೆ ಬಿಟ್ಟರೆ ಅವನ ನೀರಿನ ಚಕ್ರ ಅರ್ಧವೇ. ಹಳೆಯ ಮಾತು ಬಿಡಿ ಎನ್ನುವವರು 2023ರ ಡಿಸೆಂಬರನ್ನು ನೆನೆಯಲಿ. ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ ಸುದ್ದಿ ಹೊರಬಂದದ್ದು ಆಗ. 'ಶ್ರಮದಾನ', 'ಸ್ವಚ್ಛ ಪರಿಸರ' ಎಂಬ ಮಾತು ಕೇಳಿದಾಗ ನಮ್ಮ ಎದೆ ಝಲ್ ಎನ್ನುವುದು ಇದಕ್ಕೇ. ಯಾರ ಕೈಗೆ ಪೊರಕೆ, ಯಾರ ಕೈಗೆ ಸಸಿ ಎಂಬುದನ್ನು ನಾವು ನೋಡುತ್ತೇವೆ.

ಹೆಣ್ಣುಮಕ್ಕಳಿಗಂತೂ ಬಯಲೆಂದರೆ ಬೇರೆಯೇ. ಕಟ್ಟಿಗೆ, ನೀರು, ಕತ್ತಲಾದ ಮೇಲೆ ಜಾಲಿ ಕಂಟಿಯ ಮರೆ, ಎದೆಯಲ್ಲಿ ಹೆದರಿಕೆ. ಅವಳನ್ನು 'ನಿಸರ್ಗದ ಮಡಿಲಿಗೆ' ಕರೆಯುವ ಮೊದಲು ಶಾಲೆಯಲ್ಲಿ ಬಾಗಿಲಿರುವ ಒಂದು ಪಾಯಖಾನೆ ಇದೆಯೋ ಇಲ್ಲವೋ ನೋಡಿಕೊಳ್ಳಿ.

ಹಾಗಾದರೆ ಏನು ಮಾಡಬೇಕು? ಹಳ್ಳಿಯ ಮಾಸ್ತರರಿಗೆ ನಾವು ಹೇಳುವುದು ಇಷ್ಟು. ಬಸ್ಸು ಬೇಡ, ಫೀ ಬೇಡ. ಶಾಲೆಯಿಂದ ಒಂದು ಮೈಲಿ ನಡೆಯಿರಿ. ವಿಜಯಪುರದಲ್ಲಿದ್ದರೆ 1620ರ ಸುಮಾರಿಗೆ ಕಟ್ಟಿದ ತಾಜ್ ಬಾವಡಿ ತೋರಿಸಿರಿ. ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ಆದಿಲಶಾಹಿಗಳು ಊರಿಗೆ ನೀರು ತಂದ ಬಗೆ ಹೇಳಿರಿ. ಆ ಸುರಂಗ ಕಡಿದ ಕೈಗಳ ಹೆಸರು ಯಾವ ಕಲ್ಲಿನ ಮೇಲೂ ಯಾಕಿಲ್ಲ ಎಂದು ಮಕ್ಕಳನ್ನೇ ಕೇಳಿರಿ. ಬಬಲೇಶ್ವರ ತಾಲ್ಲೂಕಿನವರಾದರೆ ಮಮದಾಪುರದ ಕೆರೆಗೆ ಹೋಗಿರಿ. ಮಹಮ್ಮದ್ ಆದಿಲಶಾಹನ ಕಾಲದ ಕೆರೆ ಅದು. ಅದರ ನೀರು ಯಾರ ಹೊಲ ಮುಟ್ಟುತ್ತದೆ, ಯಾರ ಹೊಲ ಮುಟ್ಟುವುದಿಲ್ಲ ಎಂದು ಮಕ್ಕಳು ನಕ್ಷೆ ಬರೆಯಲಿ. ತಿಕೋಟಾದವರು ದ್ರಾಕ್ಷಿ ಪಡದ ಹತ್ತಿರ ನಿಲ್ಲಿಸಿರಿ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಒಣ ಮಡ್ಡಿಯ ಸೀಮೆಗೆ ಬಂದದ್ದು ದೊಡ್ಡ ಮಾತು, ಅದನ್ನು ಹೇಳಿರಿ. ಎಣ್ಣಿ ಹೊಡೆಯುವವನ ಬಾಯಿಗೆ ಬಟ್ಟೆ ಇದೆಯೇ, ದಿನದ ಪಗಾರ ಎಷ್ಟು, ಗಂಡಾಳಿಗೆಷ್ಟು ಹೆಣ್ಣಾಳಿಗೆಷ್ಟು ಎಂಬುದು ಕೂಡ ಅದೇ ಪಾಠದ ಲೆಕ್ಕವಾಗಲಿ.

ಎಲ್ಲಕ್ಕೂ ಮುಖ್ಯವಾದದ್ದು, ಬಯಲಿನಲ್ಲಿ ಮೊದಲ ಮಾತು ಕೇರಿಯ, ತಾಂಡಾದ, ಕುರಿಹಟ್ಟಿಯ ಮಗುವಿನದಾಗಲಿ. ಗಿಡದ ಹೆಸರು ಅದು ಹೇಳಲಿ, ಮಾಸ್ತರ ಬರೆದುಕೊಳ್ಳಲಿ. ತನಗೇನೂ ಬರುವುದಿಲ್ಲ ಎಂದು ನಂಬಿದ ಮಗು ಒಂದು ದಿನ ಎಲ್ಲರ ಮುಂದೆ ನಿಂತು ಹೇಳಿಕೊಟ್ಟರೆ, ಮರುದಿನ ಅದು ಅಕ್ಷರಕ್ಕೂ ಹೆದರುವುದಿಲ್ಲ.

ವನಮಹೋತ್ಸವ ಶುರುವಾದದ್ದು 1950ರಲ್ಲಿ. ಅಂದಿನಿಂದ ಮಳೆಗಾಲದಲ್ಲಿ ಸಸಿಯ ಜೊತೆ ಫೋಟೋ ತೆಗೆಸಿಕೊಂಡವರಿಗೆ ಲೆಕ್ಕವಿಲ್ಲ. ಈಚಿನ ಕೋಟಿ ವೃಕ್ಷ ಅಭಿಯಾನದಿಂದ ನಮ್ಮ ಬರಗಾಲದ ಜಿಲ್ಲೆಗೆ ಒಂದಿಷ್ಟು ನೆರಳು ಬಂದರೆ ನಾವೂ ಅದರಡಿ ಕೂಡುತ್ತೇವೆ. ಆದರೆ ತಗ್ಗು ತೋಡಿದವರು, ಬ್ಯಾಸಗಿಯಲ್ಲಿ ಕೊಡದಿಂದ ನೀರು ಹಾಕಿದವರು ಯಾರೆಂದು ಮಕ್ಕಳಿಗೆ ತಿಳಿಯದಿದ್ದರೆ, ಆ ಗಿಡ ಬೆಳೆದರೂ ಪಾಠ ಬೆಳೆಯಲಿಲ್ಲ.

ಭೂತನಾಳದ ಬೇಲಿಯ ಆಚೆ ನಿಂತಿದ್ದ ಹುಡುಗ ಇನ್ನೂ ಅಲ್ಲೇ ಇದ್ದಾನೆ. ಅವನನ್ನು ಒಳಗೆ ಕರೆಯುವ ಮಾಸ್ತರ ಯಾರು? ಈ ಪುಟ ಓದುವವರಲ್ಲಿ ಅಂಥವರು ಹತ್ತು ಮಂದಿ ಇದ್ದರೂ ಸಾಕು. ಬರುವ ಶನಿವಾರದಿಂದಲೇ ಶುರುಮಾಡಿರಿ.